ದತ್ತು ಬಂದ ಕಣಗಳು: ಪೀಟರ್ ಮೆಡಾವರ್ ಕಥೆ

ಕಳೆದ ರಜೆಯಲ್ಲಿ ನಮ್ಮ ಗುಂಪಿನ ಒಬ್ಬ ಗೆಳೆಯ ಊರಿಗೆ ಹೋಗಲೇ ಇಲ್ಲ. ಅವನ ದೊಡ್ಡಪ್ಪನಿಗೆ ಕಿಡ್ನಿ ಕಸಿ ಆಗಿ ಐದು ತಿಂಗಳಾಗಿತ್ತು. ಕಿಡ್ನಿ ಕೊಟ್ಟವರು ಗೆಳೆಯನ ಅಪ್ಪ, ಅಂದ್ರೆ ಒಡಹುಟ್ಟಿದ ತಮ್ಮ. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆಮೇಲೆ ಒಂದು ವಾರ ಬಿಡದೆ ಜ್ವರ, ಬೇಧಿ, ಊಟ ಸೇರುತ್ತಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಸಿಎಂವಿ ಅಂತ ಬಂತು. ಪೂರ್ತಿ ಹೆಸರು ಸೈಟೋಮೆಗಲೋವೈರಸ್. ನಮ್ಮ ದೇಶದಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಚಿಕ್ಕಂದಿನಲ್ಲೇ ಇದು ಬಂದು ಹೋಗಿರುತ್ತದೆ, ಗೊತ್ತೂ ಆಗಿರೋದಿಲ್ಲ. ಬಂದು ಹೋಗೋದು ಅಂದ್ರೂ ಪೂರ್ತಿ ಹೋಗೋದಿಲ್ಲ, ಮೈಯೊಳಗೇ ಮಲಗಿರುತ್ತದೆ. ನಮ್ಮ ಬಿಳಿ ರಕ್ತಕಣಗಳು ಅದನ್ನು ಏಳದ ಹಾಗೆ ಕಾಯುತ್ತಿರುತ್ತವೆ.

ದೊಡ್ಡಪ್ಪನ ಮೈಯಲ್ಲಿ ಕಾಯುವವರೇ ಇರಲಿಲ್ಲ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸಬಾರದು ಅಂತ ಆ ಕಣಗಳನ್ನು ಮಾತ್ರೆ ಕೊಟ್ಟು ಸುಮ್ಮನಾಗಿಸಿದ್ದರು. ಮಾತ್ರೆ ಕಮ್ಮಿ ಮಾಡಿದ್ರೆ ವೈರಸ್ ಹತೋಟಿಗೆ ಬರಬಹುದು, ಆದರೆ ತಮ್ಮ ಕೊಟ್ಟ ಕಿಡ್ನಿಗೆ ಕುತ್ತು. ಮಾತ್ರೆ ಹಾಗೇ ಇಟ್ರೆ ಕಿಡ್ನಿ ಕ್ಷೇಮ, ಮನುಷ್ಯನಿಗೇ ಕುತ್ತು. ವೈರಸ್ಸಿಗೆ ಅಂತ ಕೊಡುವ ವಾಲ್‌ಗ್ಯಾನ್ಸಿಕ್ಲೋವಿರ್ ಮಾತ್ರೆಗೂ ಒಂದು ಕೆಟ್ಟ ಗುಣ ಇದೆ, ಅದು ಬಿಳಿ ರಕ್ತಕಣಗಳ ಸಂಖ್ಯೆಯನ್ನೇ ಇಳಿಸಿಬಿಡಬಹುದು. ಅತ್ತ ದರಿ ಇತ್ತ ಪುಲಿ ಅಂತ ಅಜ್ಜಿ ಹೇಳ್ತಿದ್ದ ಮಾತಿಗೆ ನಾವು ಕಣ್ಣಾರೆ ಕಂಡ ಅರ್ಥ ಇದೇ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ನಾವೆಲ್ಲ ಮೊಬೈಲ್‌ನಲ್ಲಿ ಹುಡುಕೋಕೆ ಶುರು ಮಾಡಿದೆವು. ಬೇರೆಯವರ ಬಿಳಿ ಕಣಗಳನ್ನೇ ತಂದು ಹಾಕೋಕಾಗಲ್ವಾ ಅಂತ ಗೆಳೆಯ ಕೇಳಿದ. ಹಾಕಬಹುದು, ಕೆಲವು ದೇಶಗಳಲ್ಲಿ ಹಾಕುತ್ತಾರೆ ಅಂತ ಗೊತ್ತಾಯಿತು. ಅದರ ಬೇರು ಹುಡುಕುತ್ತ ಹೋದಾಗ ಸಿಕ್ಕವರು ಪೀಟರ್ ಮೆಡಾವರ್.

ಮೊದಲೇ ಹೇಳಿಬಿಡ್ತೀವಿ. ನಾವು ಪಿಯುಸಿಯಲ್ಲಿ ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ತಗೊಂಡವರು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಆದ್ದರಿಂದ ಕನ್ನಡದಲ್ಲಿ ವಿಜ್ಞಾನ ಬರೆಯೋವಾಗ ಕೈ ತಡವರಿಸುತ್ತೆ. ತಪ್ಪಿದ್ದರೆ ಬಯೋಟೆಕ್ ಬ್ರಾಂಚಿನವರು ಕ್ಯಾಂಟೀನಿನಲ್ಲಿ ಹಿಡಿದು ತಿದ್ದಬಹುದು.

ಮೆಡಾವರ್ ಹುಟ್ಟಿದ್ದು 1915ರ ಫೆಬ್ರವರಿ 28ರಂದು, ಬ್ರೆಜಿಲ್ ದೇಶದ ಪೆಟ್ರೋಪೊಲಿಸ್ ಊರಿನಲ್ಲಿ. ಅಪ್ಪ ಲೆಬನಾನಿನವರು, ರಿಯೋದಲ್ಲಿ ಹಲ್ಲಿನ ಡಾಕ್ಟರುಗಳಿಗೆ ಬೇಕಾದ ಸಾಮಾನು ಮಾರುವ ವ್ಯಾಪಾರ ಮಾಡುತ್ತಿದ್ದರು. ತಾಯಿ ಇಂಗ್ಲಿಷಿನವರು. ಮೊದಲ ಮಹಾಯುದ್ಧ ಮುಗಿದ ಮೇಲೆ ಮಗುವನ್ನು ಇಂಗ್ಲೆಂಡಿಗೆ ಕರೆತಂದರು. ಮುಂದೆ ಬ್ರೆಜಿಲ್ಲಿನ ಕಡ್ಡಾಯ ಸೈನಿಕ ಸೇವೆಗೆ ಹೋಗದೇ ಇದ್ದದ್ದಕ್ಕೆ ಅಲ್ಲಿನ ಪೌರತ್ವವೂ ಹೋಯಿತು. ಮಾರ್ಲ್‌ಬರೋ ಕಾಲೇಜು ಅನ್ನೋ ಬೋರ್ಡಿಂಗ್ ಸ್ಕೂಲಿಗೆ ಸೇರಿಸಿದರು. ಅಲ್ಲಿನ ದಿನಗಳನ್ನು ಅವರು ಕೊನೆಯವರೆಗೂ ಕಹಿಯಾಗಿಯೇ ನೆನೆಯುತ್ತಿದ್ದರು. ಹೆಸರು ಬೇರೆ ಥರ, ಮುಖ ಬೇರೆ ಥರ, ಸಾಲದ್ದಕ್ಕೆ ತುಂಬಾ ಎತ್ತರದ ಹುಡುಗ. ತನ್ನದಲ್ಲದ್ದನ್ನು ಗುರುತು ಹಿಡಿದು ಹೊರಗೆ ತಳ್ಳೋದು ಅಂದ್ರೆ ಏನು ಅನ್ನೋದನ್ನು ಅವರು ಲ್ಯಾಬಿಗೆ ಹೋಗೋ ಮುಂಚೆಯೇ ಕಲಿತಿದ್ದರು ಅಂತ ನಮಗೆ ಅನ್ನಿಸಿತು. ಇದು ನಮ್ಮ ಊಹೆ ಅಷ್ಟೇ.

1932ರಲ್ಲಿ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜು ಸೇರಿ ಪ್ರಾಣಿಶಾಸ್ತ್ರ ಓದಿದರು, 1935ರಲ್ಲಿ ಫಸ್ಟ್ ಕ್ಲಾಸ್ ಬಂತು. ಆಮೇಲೆ ಹೋವರ್ಡ್ ಫ್ಲೋರಿ ಅವರ ಪೆಥಾಲಜಿ ಸಂಸ್ಥೆಯಲ್ಲಿ ಕೆಲಸ. ಪೆನ್ಸಿಲಿನ್ ಅನ್ನು ಔಷಧಿಯಾಗಿ ಮಾಡಿದ ಫ್ಲೋರಿ ಇವರೇ. ಮೆಡಾವರ್ ಡಾಕ್ಟರೇಟಿಗೆ ಬರೆದದ್ದು ಒಪ್ಪಿಗೆಯೂ ಆಗಿತ್ತು, ಆದರೆ ಪದವಿ ತಗೊಳ್ಳೋಕೆ ಕಟ್ಟಬೇಕಾದ ಫೀಸು ದುಬಾರಿ ಅಂತ ಅದನ್ನು ತಗೊಳ್ಳಲೇ ಇಲ್ಲ. ನಮ್ಮ ಕಾಲೇಜಿನ ಕಾನ್ವೊಕೇಶನ್ ಫೀಸು ನೋಡಿ ಬೇಜಾರಾದ ಸೀನಿಯರ್‌ಗಳು ಇದನ್ನು ಗಮನಿಸಬೇಕು. 1937ರಲ್ಲಿ ಜೊತೆಗೆ ಪ್ರಾಣಿಶಾಸ್ತ್ರ ಓದುತ್ತಿದ್ದ ಜೀನ್ ಟೇಲರ್ ಅವರನ್ನು ಮದುವೆಯಾದರು. ಜೀನ್ ಮನೆಯವರಿಗೆ ಈ ಮದುವೆ ಇಷ್ಟ ಇರಲಿಲ್ಲ. ಎರಡು ಗಂಡು ಎರಡು ಹೆಣ್ಣು, ನಾಲ್ಕು ಮಕ್ಕಳಾದರು. ಆ ಮನುಷ್ಯ ಮನೆಯ ಕಡೆ ನೋಡಿದ್ದು ಕಮ್ಮಿ, ಲ್ಯಾಬು, ಕ್ರಿಕೆಟ್, ಅಪೆರಾ ಸಂಗೀತ ಇಷ್ಟರಲ್ಲೇ ದಿನ ಮುಗೀತಿತ್ತು. ಮನೆ ನಿಂತದ್ದು ಜೀನ್ ಅವರಿಂದ.

ಕಥೆ ತಿರುಗಿದ್ದು 1940ರಲ್ಲಿ. ಎರಡನೇ ಮಹಾಯುದ್ಧದ ಸಮಯ. ಒಂದು ಭಾನುವಾರ ಗಂಡ ಹೆಂಡತಿ ಪುಟ್ಟ ಮಗಳ ಜೊತೆ ಆಕ್ಸ್‌ಫರ್ಡಿನ ಮನೆಯ ತೋಟದಲ್ಲಿ ಕೂತಿದ್ದಾಗ, ಬಾಂಬರ್ ವಿಮಾನವೊಂದು ತಲೆಯ ಮೇಲೆಯೇ ತೀರ ಕೆಳಗೆ ಬಂದು ಸ್ವಲ್ಪ ದೂರದ ಮನೆಯ ತೋಟಕ್ಕೆ ಬಿದ್ದು ಉರಿಯಿತು. ಅದರಲ್ಲಿದ್ದ ಯುವಕನ ಚರ್ಮ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋಗಿತ್ತು. ಚಿಕಿತ್ಸೆ ಮಾಡುತ್ತಿದ್ದ ಡಾಕ್ಟರು ಮೆಡಾವರ್ ಅವರನ್ನು ಕರೆದು ತೋರಿಸಿ, ಜೀವಶಾಸ್ತ್ರ ಓದಿದವರು ನೀವು, ಇದಕ್ಕೇನಾದರೂ ಮಾಡಿ ಅನ್ನೋ ಅರ್ಥದಲ್ಲಿ ಕೇಳಿದರು. ಅಲ್ಲಿಯತನಕ ಮೆಡಾವರ್ ಮಾಡುತ್ತಿದ್ದದ್ದು ಒಳ್ಳೇ ಕೆಲಸವೇ, ಆದರೆ ಯಾರ ನೋವಿಗೂ ನೇರ ಸಂಬಂಧ ಇರಲಿಲ್ಲ. ಆ ಹುಡುಗನದೇ ಉಳಿದ ಚರ್ಮವನ್ನು ತೆಳ್ಳಗೆ ಕೊಯ್ದು, ಕಣ ಕಣವಾಗಿ ಬಿಡಿಸಿ, ಹೆಚ್ಚು ಜಾಗಕ್ಕೆ ಹರಡೋಕೆ ನೋಡಿದರು. ಆಗಲಿಲ್ಲ. ಬೇರೆಯವರ ಚರ್ಮ ಹಚ್ಚಿದ್ರೆ ಕೆಲವು ದಿನ ಹಿಡಿದ ಹಾಗೆ ಕಾಣಿಸಿ ಆಮೇಲೆ ಉದುರಿಹೋಗುತ್ತದೆ ಅನ್ನೋದು ಸರ್ಜನ್ನರಿಗೆ ಗೊತ್ತಿತ್ತು. ಯಾಕೆ ಅನ್ನೋದು ಗೊತ್ತಿರಲಿಲ್ಲ.

ಸರಕಾರದ ನೆರವಿನಿಂದ ಅವರು ಸ್ಕಾಟ್ಲೆಂಡಿಗೆ, ಗ್ಲಾಸ್ಗೋ ರಾಯಲ್ ಇನ್ಫರ್ಮರಿಯ ಸುಟ್ಟಗಾಯದ ವಾರ್ಡಿಗೆ ಹೋದರು. ಅಲ್ಲಿ ಟಾಮ್ ಗಿಬ್ಸನ್ ಅನ್ನೋ ಸರ್ಜನ್ ಜೊತೆಯಾದರು. ಮೂರ್ಛೆ ರೋಗ ಇದ್ದ 22 ವರ್ಷದ ಒಬ್ಬ ಹೆಣ್ಣುಮಗಳು ಗ್ಯಾಸ್ ಬೆಂಕಿಯ ಮೇಲೆ ಬಿದ್ದು ಮೈ ಸುಟ್ಟುಕೊಂಡಿದ್ದಳು. ಅವಳ ಗಾಯದ ಮೇಲೆ ಅವಳದೇ ಚರ್ಮದ ಚಿಕ್ಕ ಚಿಕ್ಕ ಬಿಲ್ಲೆಗಳನ್ನೂ, ಪಕ್ಕದಲ್ಲಿ ಅವಳ ಒಡಹುಟ್ಟಿದ ಅಣ್ಣನ ಚರ್ಮದ ಬಿಲ್ಲೆಗಳನ್ನೂ ಇಟ್ಟರು. ಆಗಾಗ ಒಂದೊಂದು ಚೂರು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಅವಳ ಚರ್ಮ ಬೇರು ಬಿಟ್ಟಿತು. ಅಣ್ಣನದೂ ಮೊದಲು ಹಿಡಿಯಿತು, ಎರಡು ವಾರದ ಹೊತ್ತಿಗೆ ಕೆಟ್ಟಿತು. ಆಮೇಲೆ ಮಾಡಿದ್ದೇ ಮುಖ್ಯವಾದ ಕೆಲಸ. ಅದೇ ಅಣ್ಣನ ಚರ್ಮವನ್ನು ಎರಡನೇ ಸಲ ಇಟ್ಟರು. ಈ ಸಲ ಅದು ಬಹಳ ಬೇಗ ಸತ್ತಿತು.

ಎರಡನೇ ಸಲ ಬೇಗ ಯಾಕೆ? ಗುಣಮಟ್ಟ ಸರಿಯಿಲ್ಲ, ಹೊಲಿಗೆ ಸರಿಯಿಲ್ಲ ಅನ್ನೋ ಕಾರಣ ಆಗಿದ್ದರೆ ಎರಡೂ ಸಲ ಒಂದೇ ಥರ ಆಗಬೇಕಿತ್ತು. ದೇಹ ನೆನಪಿಟ್ಟುಕೊಂಡಿದೆ ಅಂದ್ರೆ ಇದು ಸೀತಾಳೆ ಸಿಡುಬು, ದಡಾರದ ಥರದ ವಿಷಯ. ಒಂದು ಸಲ ಬಂದರೆ ಮೈ ಅದನ್ನು ಗುರುತಿಟ್ಟು ಮುಂದಿನ ಸಲಕ್ಕೆ ತಯಾರಾಗಿರುತ್ತಲ್ಲ, ಅದೇ ಶಕ್ತಿ. ಅಂದ್ರೆ ಕಸಿಯನ್ನು ಕೊಲ್ಲೋದು ಕಾಯಿಲೆಯಿಂದ ಕಾಯುವ ಶಕ್ತಿಯೇ. 1943ರಲ್ಲಿ ಗಿಬ್ಸನ್ ಮತ್ತು ಮೆಡಾವರ್ ಇದನ್ನು ಪ್ರಕಟಿಸಿದರು. ಆಕ್ಸ್‌ಫರ್ಡಿಗೆ ಮರಳಿ 25 ಮೊಲಗಳನ್ನು ಹಿಡಿದು ಪ್ರತಿಯೊಂದರ ಚರ್ಮವನ್ನು ಪ್ರತಿಯೊಂದಕ್ಕೂ ಕಸಿ ಮಾಡಿದರು. 25 ಇಂಟು 25, ಒಟ್ಟು 625 ಕಸಿ. ಎಕ್ಸೆಲ್ ಇಲ್ಲದ ಕಾಲದಲ್ಲಿ ಇಂಥಾ ಮ್ಯಾಟ್ರಿಕ್ಸ್ ತುಂಬಿಸೋದು ನಮ್ಮ ಮಿನಿ ಪ್ರಾಜೆಕ್ಟಿನವರಿಗೆ ಕನಸಿನಲ್ಲೂ ಬರಲಿಕ್ಕಿಲ್ಲ.

1947ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಪ್ರೊಫೆಸರ್ ಆಗಿ ಹೋದರು. ಮೊದಲ ಶಿಷ್ಯ ರೂಪರ್ಟ್ ಬಿಲ್ಲಿಂಗ್‌ಹ್ಯಾಮ್ ಜೊತೆಯಲ್ಲಿ ಬಂದರು. 1948ರಲ್ಲಿ ಸ್ಟಾಕ್‌ಹೋಮಿನ ಒಂದು ಸಮ್ಮೇಳನದಲ್ಲಿ ಹ್ಯೂ ಡೊನಾಲ್ಡ್ ಅನ್ನೋ ಪಶು ವಿಜ್ಞಾನಿ ಒಂದು ಪ್ರಶ್ನೆ ಕೇಳಿದರು. ಅವಳಿ ಕರುಗಳಲ್ಲಿ ಯಾವುದು ಒಂದೇ ಮೊಟ್ಟೆಯ ಅವಳಿ, ಯಾವುದು ಎರಡು ಮೊಟ್ಟೆಯದು ಅಂತ ಹೇಗೆ ಕಂಡುಹಿಡಿಯೋದು? ಮೆಡಾವರ್ ಇದೇನು ದೊಡ್ಡದು ಅನ್ನೋ ಥರ, ಚರ್ಮ ಕಸಿ ಮಾಡಿ, ಹಿಡಿದರೆ ಒಂದೇ ಮೊಟ್ಟೆ, ಇಲ್ಲದಿದ್ದರೆ ಎರಡು ಅಂದುಬಿಟ್ಟರು. ಮಾತು ಕೊಟ್ಟಾದ ಮೇಲೆ ಬಿಲ್ಲಿಂಗ್‌ಹ್ಯಾಮ್ ಜೊತೆ ಹಳ್ಳಿಯ ಫಾರ್ಮಿಗೆ ಹೋಗಿ ಕೊಟ್ಟಿಗೆಯಲ್ಲಿ ಕರುಗಳ ಚರ್ಮ ಕೊಯ್ಯಬೇಕಾಯಿತು. ಹೆಚ್ಚುಕಮ್ಮಿ ಎಲ್ಲ ಅವಳಿಗಳೂ ಒಂದರ ಚರ್ಮ ಇನ್ನೊಂದು ಒಪ್ಪಿಕೊಂಡವು. ಒಂದು ಗಂಡು ಒಂದು ಹೆಣ್ಣು ಇದ್ದ ಅವಳಿ ಕೂಡ! ಅವು ಒಂದೇ ಮೊಟ್ಟೆಯವು ಆಗೋಕೆ ಸಾಧ್ಯವೇ ಇಲ್ಲ.

ಉತ್ತರ ಅಮೆರಿಕದಲ್ಲಿತ್ತು. ರೇ ಓವೆನ್ ಅನ್ನೋರು 1945ರಲ್ಲೇ ಅವಳಿ ಕರುಗಳು ತಾಯಿಯ ಹೊಟ್ಟೆಯಲ್ಲಿದ್ದಾಗ ರಕ್ತ ಹಂಚಿಕೊಳ್ಳುತ್ತವೆ, ಒಬ್ಬರ ರಕ್ತಕಣ ಇನ್ನೊಬ್ಬರಲ್ಲಿ ಜೀವನ ಪೂರ್ತಿ ಉಳಿಯುತ್ತೆ ಅಂತ ತೋರಿಸಿದ್ದರು. ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ ಅದನ್ನು ಹಿಡಿದು, ಹುಟ್ಟುವ ಮುಂಚೆ ಪರಿಚಯ ಆದದ್ದನ್ನು ದೇಹ ತನ್ನದು ಅಂತಲೇ ತಿಳಿಯುತ್ತದೆ ಅಂತ ವಾದ ಮಾಡಿದ್ದರು. ಮೆಡಾವರ್ ಗುಂಪು ಅದನ್ನು ಓದಿದ ಮೇಲೆ ಕೊಟ್ಟಿಗೆಯ ಗೊಂದಲ ಬಗೆಹರಿಯಿತು. ಸರಿ, ಪ್ರಕೃತಿ ಮಾಡಿದ್ದನ್ನು ನಾವೂ ಬೇಕಂತಲೇ ಮಾಡಬಹುದಾ?

1951ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಬಂದರು. ಅಲ್ಲಿ ಮೂವರ ಗುಂಪಾಯಿತು, ಮೆಡಾವರ್, ಬಿಲ್ಲಿಂಗ್‌ಹ್ಯಾಮ್, ಲೆಸ್ಲಿ ಬ್ರೆಂಟ್. ಬ್ರೆಂಟ್ ಜರ್ಮನಿಯ ಯೆಹೂದಿ ಹುಡುಗ, ಯುದ್ಧಕ್ಕೆ ಮುಂಚೆ ಮಕ್ಕಳನ್ನು ಉಳಿಸೋಕೆ ಓಡಿಸಿದ ರೈಲಿನಲ್ಲಿ ಒಬ್ಬನೇ ಇಂಗ್ಲೆಂಡಿಗೆ ಬಂದವರು. ಅಪ್ಪ ಅಮ್ಮ ಅಕ್ಕ ಯಾರೂ ಉಳಿಯಲಿಲ್ಲ.

ಈಗ ಇಲಿಗಳ ಪ್ರಯೋಗ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಸಿಬಿಎ ಅನ್ನೋ ಕಂದು ಇಲಿ ತಳಿ, ಎ ಅನ್ನೋ ಬಿಳಿ ಇಲಿ ತಳಿ. ಕಂದು ಇಲಿಯ ಮರಿ ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದಕ್ಕೆ ಬಿಳಿ ತಳಿಯ ಜೀವಕಣಗಳನ್ನು ಸೂಜಿಯಿಂದ ಕೊಟ್ಟರು. ಮರಿ ಹುಟ್ಟಿ ಬೆಳೆದ ಮೇಲೆ ಬಿಳಿ ಇಲಿಯ ಚರ್ಮ ಕಸಿ ಮಾಡಿದರು. ಹಿಡಿಯಿತು. ಕಂದು ಇಲಿಯ ಬೆನ್ನ ಮೇಲೆ ಬಿಳಿ ಕೂದಲಿನ ತೇಪೆ. 1953ರ ಅಕ್ಟೋಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಬಂತು, ಪ್ರಪಂಚವೆಲ್ಲ ಇದನ್ನೇ ನೆನಪಿಟ್ಟುಕೊಂಡಿದೆ.

ನಮಗೆ ಬೇಕಾದದ್ದು ಅದರ ನಂತರದ ಅರ್ಧ. ಹೀಗೆ ಬಿಳಿ ತೇಪೆ ಹೊತ್ತು ಆರಾಮಾಗಿದ್ದ ಕಂದು ಇಲಿಗೆ, ಬಿಳಿ ಚರ್ಮವನ್ನು ಒಮ್ಮೆ ತಿರಸ್ಕರಿಸಿ ಅನುಭವ ಪಡೆದ ಇನ್ನೊಂದು ಕಂದು ಇಲಿಯ ದುಗ್ಧಗ್ರಂಥಿಯ ಕಣಗಳನ್ನು ಹಾಕಿದರು. ದುಗ್ಧಗ್ರಂಥಿ ಅಂದ್ರೆ ಲಿಂಫ್ ನೋಡ್, ಗಂಟಲು ನೋವಾದಾಗ ಕತ್ತಿನಲ್ಲಿ ಉಬ್ಬುತ್ತಲ್ಲ, ಅದು. ಎಷ್ಟೋ ದಿನ ಚೆನ್ನಾಗಿದ್ದ ತೇಪೆ ಕೆಲವೇ ದಿನಗಳಲ್ಲಿ ಉದುರಿತು. ಅಂದ್ರೆ ಆ ನೆನಪು ಕಣಗಳ ಒಳಗೇ ಇದೆ. ಒಂದು ಮೈಯಿಂದ ಇನ್ನೊಂದು ಮೈಗೆ ಹೋದರೂ ಕೆಲಸ ಮರೆಯೋದಿಲ್ಲ. ರಕ್ತದ ಬರೀ ಸೀರಂ ಹಾಕಿದರೆ ಹೀಗೆ ಆಗುತ್ತಿರಲಿಲ್ಲ, ಕಣಗಳೇ ಬೇಕಿತ್ತು.

ಇದೇ ಹೊತ್ತಿಗೆ ಮೆಡಾವರ್ ಶಿಷ್ಯ ಆವ್ರಿಯನ್ ಮಿಚಿಸನ್ ಗೆಡ್ಡೆಗಳ ಮೇಲೆ ಪ್ರಯೋಗ ಮಾಡಿ ಅದನ್ನೇ ತೋರಿಸಿದರು. ಈ ಮಿಚಿಸನ್ ನಮಗೆ ದೂರದವರಲ್ಲ, ಜೆ.ಬಿ.ಎಸ್. ಹಾಲ್ಡೇನ್ ಅವರ ಸೋದರಳಿಯ. ಹಾಲ್ಡೇನ್ ಯೂನಿವರ್ಸಿಟಿ ಕಾಲೇಜಿನಲ್ಲಿ ಮೆಡಾವರ್ ಸಹೋದ್ಯೋಗಿ, 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾಗಿ ಭುವನೇಶ್ವರದಲ್ಲಿ ತೀರಿಕೊಂಡ ಅದೇ ಹಾಲ್ಡೇನ್.

ಹೀಗೆ ಬೇರೊಬ್ಬರ ಕಣಗಳಿಂದ ಬಂದ ರಕ್ಷಣೆಗೆ ಒಂದು ಹೆಸರು ಬೇಕಿತ್ತು. ಲಸಿಕೆ ಹಾಕಿದಾಗ ಬರೋದು ನಮ್ಮ ದೇಹವೇ ದುಡಿದು ಗಳಿಸಿದ್ದು. ಇದು ಹಾಗಲ್ಲ. 1954ರಲ್ಲಿ ಮೆಡಾವರ್, ಬ್ರೆಂಟ್, ಬಿಲ್ಲಿಂಗ್‌ಹ್ಯಾಮ್ ಇದಕ್ಕೆ ದತ್ತು ಅನ್ನೋ ಅರ್ಥದ ಹೆಸರಿಟ್ಟರು. ಇಂಗ್ಲಿಷಿನಲ್ಲಿ ಇಂದಿಗೂ ಈ ಚಿಕಿತ್ಸೆಗೆ ಅದೇ ಹೆಸರು. ಬೇರೆ ಮನೆಯಲ್ಲಿ ಹುಟ್ಟಿ ಬೆಳೆದು, ಈ ಮನೆಗೆ ಬಂದು, ಈ ಮನೆಯ ಕೆಲಸಕ್ಕೆ ನಿಲ್ಲುವ ಕಣಗಳು. ಕನ್ನಡದಲ್ಲಿ ಹೇಳಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತೆ ಅಂತ ನಮ್ಮ ಅಭಿಪ್ರಾಯ.

ತಮಾಷೆ ಅಂದ್ರೆ, ಮೆಡಾವರ್ ಕೈಯಲ್ಲಿ ಆ ಕಣಗಳು ಮಾಡಿದ್ದು ಕಸಿ ಕೆಡಿಸುವ ಕೆಲಸ. ಅವನ್ನು ರೋಗಿಗೆ ಒಳ್ಳೇದಕ್ಕೆ ಹಾಕಬಹುದು ಅನ್ನೋದು ಆಗ ಯಾರ ಲೆಕ್ಕದಲ್ಲೂ ಇರಲಿಲ್ಲ. ಇಲಿಯ ಕೆಲಸವನ್ನೇ ಮನುಷ್ಯರಿಗೆ ಬಳಸಬಹುದಾ ಅಂತ ಒಂದು ಉಪನ್ಯಾಸದಲ್ಲಿ ಯಾರೋ ವಿದ್ಯಾರ್ಥಿ ಕೇಳಿದಾಗ ಮೆಡಾವರ್ ಖಂಡಿತಾ ಇಲ್ಲ ಅಂದರಂತೆ. ಸಭೆಯಲ್ಲಿದ್ದ ಯುವ ವೈದ್ಯ ರಾಯ್ ಕಾಲ್ನ್ ಆ ಉತ್ತರ ಕೇಳಿಸಿಕೊಂಡು ಒಪ್ಪದೇ ಹೋದರು. ಮುಂದೆ ಕಸಿ ಉಳಿಸುವ ಔಷಧಿಗಳನ್ನು ಹುಡುಕಿದ ದೊಡ್ಡ ಸರ್ಜನ್ ಇವರೇ. ದೊಡ್ಡವರು ಆಗಲ್ಲ ಅಂದಾಗ ಕೆಲವೊಮ್ಮೆ ಕೇಳಿಸದ ಹಾಗೆ ಇರೋದೂ ಒಳ್ಳೇದೇ. ವೈವಾದಲ್ಲಿ ಮಾತ್ರ ಪ್ರಯತ್ನಿಸಬೇಡಿ.

1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ತದ್ರೂಪಿ ಅವಳಿಗಳ ನಡುವೆ ಕಿಡ್ನಿ ಕಸಿ ಮಾಡಿ ಗೆದ್ದರು. ತದ್ರೂಪಿ ಅಲ್ಲದವರಿಗೆ ಏನು ಮಾಡೋದು ಅನ್ನೋದೇ ಪ್ರಶ್ನೆ. 1960ರಲ್ಲಿ ಮೆಡಾವರ್ ಮತ್ತು ಬರ್ನೆಟ್ ಇಬ್ಬರಿಗೆ ನೊಬೆಲ್ ಬಂತು. ಬಿಲ್ಲಿಂಗ್‌ಹ್ಯಾಮ್, ಬ್ರೆಂಟ್ ಹೆಸರು ಅದರಲ್ಲಿ ಇರಲಿಲ್ಲ. ಮೆಡಾವರ್ ತಮ್ಮ ಪಾಲಿನ ಹಣವನ್ನು ಅವರಿಬ್ಬರ ಜೊತೆ ಹಂಚಿಕೊಂಡರು. ಗ್ರೂಪ್ ಪ್ರಾಜೆಕ್ಟ್ ಮಾಡಿದವರಿಗೆ ಇದರ ಬೆಲೆ ಗೊತ್ತು.

1962ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿರೋ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಕುರ್ಚಿ ಸಿಕ್ಕಿದ ಮೇಲೂ ಲ್ಯಾಬ್ ಬಿಡಲಿಲ್ಲ. ಈ ಸಲ ಹಿಡಿದದ್ದು ಉಲ್ಟಾ ಕೆಲಸ. ಒಂದು ಪ್ರಾಣಿಯ ಲಿಂಫೋಸೈಟ್ ಕಣಗಳನ್ನು ಬೇರೆ ಜಾತಿಯ ಪ್ರಾಣಿಗೆ ಚುಚ್ಚಿದರೆ, ಆ ಪ್ರಾಣಿಯ ರಕ್ತದಲ್ಲಿ ಲಿಂಫೋಸೈಟ್ ಕೊಲ್ಲುವ ಸೀರಂ ತಯಾರಾಗುತ್ತೆ. ಅದನ್ನು ಕೊಟ್ಟರೆ ಕಸಿ ಬಹಳ ದಿನ ಉಳಿಯುತ್ತೆ. ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನು ಅವರ ಗುಂಪು ಬಿಡಿಸಿ ನೋಡಿತು. ಮೊಲದಲ್ಲಿ ತಯಾರಿಸಿದ ಇದೇ ಥರದ ಔಷಧಿಯನ್ನು ಇವತ್ತೂ ಎಷ್ಟೋ ಕಿಡ್ನಿ ಕಸಿ ರೋಗಿಗಳಿಗೆ ಮೊದಲ ದಿನಗಳಲ್ಲಿ ಕೊಡುತ್ತಾರೆ. ಗೆಳೆಯನ ದೊಡ್ಡಪ್ಪನ ಡಿಸ್ಚಾರ್ಜ್ ಸಮ್ಮರಿಯಲ್ಲೂ ಅದರ ಹೆಸರು ಇತ್ತು. ಕಣ ದಾಟಿಸಿದ್ದೂ ಅದೇ ಮನುಷ್ಯ, ಕಣ ಅಳಿಸೋದು ಕಲಿತದ್ದೂ ಅದೇ ಮನುಷ್ಯ.

ಅಳಿಸಿದ ಮೇಲೆ ಏನಾಗುತ್ತೆ ಅನ್ನೋದು ವಾರ್ಡುಗಳಲ್ಲಿ ಕಾಣಿಸಿತು. ಕಾಲ್ನ್ ಮುಂತಾದವರು ತಂದ ಮಾತ್ರೆಗಳಿಂದ ಕಿಡ್ನಿ ಉಳಿಯುತ್ತಿತ್ತು, ಮನುಷ್ಯ ಸೋಂಕಿನಿಂದ ಹೋಗುತ್ತಿದ್ದ. ಫಂಗಸ್, ನ್ಯುಮೋನಿಯಾ, ಸಿಎಂವಿ. ಎಪ್ಸ್ಟೀನ್ ಬಾರ್ ಅನ್ನೋ ಇನ್ನೊಂದು ಮಲಗಿದ ವೈರಸ್ ಎದ್ದು ಲಿಂಫೋಮಾ ಅನ್ನೋ ಕ್ಯಾನ್ಸರನ್ನೇ ತರುತ್ತಿತ್ತು. ಇಷ್ಟೆಲ್ಲ ಕಾಯುತ್ತಿದ್ದ ಲಿಂಫೋಸೈಟುಗಳಲ್ಲಿ ಮುಖ್ಯವಾದವು ಟಿ ಕಣಗಳು. ಎದೆಯಲ್ಲಿರುವ ಥೈಮಸ್ ಗ್ರಂಥಿಯಲ್ಲಿ ತರಬೇತಿ ಪಡೆದು ಬರುವುದರಿಂದ ಟಿ.

1974ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಜಿಂಕರ್‌ನಾಗೆಲ್ ಮತ್ತು ಡಾಹರ್ಟಿ ಇನ್ನೊಂದು ತುಂಡು ಜೋಡಿಸಿದರು. ಟಿ ಕಣಕ್ಕೆ ವೈರಸ್ ನೇರವಾಗಿ ಕಾಣಿಸೋದಿಲ್ಲ. ಸೋಂಕು ತಗುಲಿದ ಜೀವಕಣ ತನ್ನ ಮೇಲ್ಮೈಯಲ್ಲಿ ಒಂದು ತಟ್ಟೆಯಂಥ ಪ್ರೋಟೀನಿನ ಮೇಲೆ ವೈರಸ್ಸಿನ ಚೂರು ಇಟ್ಟು ತೋರಿಸಬೇಕು. ಆ ತಟ್ಟೆ ಒಬ್ಬೊಬ್ಬರಲ್ಲಿ ಒಂದೊಂದು ವಿನ್ಯಾಸ, ಮನುಷ್ಯರಲ್ಲಿ ಅದರ ಹೆಸರು ಎಚ್‌ಎಲ್‌ಎ. ಕಸಿಗೆ ಮುಂಚೆ ಹೊಂದಾಣಿಕೆ ನೋಡ್ತಾರಲ್ಲ, ಅದೇ. ಗ್ಲಾಸ್ಗೋದ ತಂಗಿಯ ಮೈ ಅಣ್ಣನ ಚರ್ಮವನ್ನು ತಿರಸ್ಕರಿಸಿದ್ದರಲ್ಲಿ ದೊಡ್ಡ ಪಾಲು ಈ ತಟ್ಟೆಯ ವ್ಯತ್ಯಾಸದ್ದು. ಅಂದ್ರೆ ಕಸಿಗೆ ಅಡ್ಡ ಬರೋಕೆ ಅಂತ ಪ್ರಕೃತಿ ಇದನ್ನು ಇಟ್ಟಿಲ್ಲ, ವೈರಸ್ ತೋರಿಸೋಕೆ ಇಟ್ಟಿದೆ. ಕಸಿ ಅನ್ನೋದು ನಾವು ಮನುಷ್ಯರು ನಡುವೆ ತಂದ ವಿಷಯ.

ಮೆಡಾವರ್ ಅಷ್ಟರಲ್ಲಿ ಬೇರೆಯೇ ಯುದ್ಧದಲ್ಲಿದ್ದರು. 1969ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಅಧ್ಯಕ್ಷರಾಗಿ ಎಕ್ಸೆಟರ್ ಊರಿನ ಕೆಥೀಡ್ರಲ್‌ನಲ್ಲಿ ಬೈಬಲ್ ಪಾಠ ಓದುತ್ತಿದ್ದಾಗ ಮಾತು ತೊದಲಿತು. ಮೆದುಳಿನಲ್ಲಿ ರಕ್ತಸ್ರಾವ. 54 ವರ್ಷ ವಯಸ್ಸು. ಎಡಗೈ ಎಡಗಾಲು ಸೋತವು. 1971ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟು ಹ್ಯಾರೋದ ಕ್ಲಿನಿಕಲ್ ರಿಸರ್ಚ್ ಸೆಂಟರಿಗೆ ಹೋದರು. ಇಲಿಗೆ ಚರ್ಮ ಕಸಿ ಮಾಡೋಕೆ ಎರಡು ಕೈ ಬೇಕು, ಅವರಿಗಿದ್ದದ್ದು ಒಂದು. ಸಹಾಯಕರು ಇನ್ನೊಂದು ಕೈಯಾದರು. ಜೀನ್ ಎಲ್ಲ ಪ್ರಯಾಣಗಳಲ್ಲೂ ಜೊತೆಗಿದ್ದರು. ಬರವಣಿಗೆ ಈ ದಿನಗಳಲ್ಲೇ ಹೆಚ್ಚಿತು. ಎಳೆಯ ವಿಜ್ಞಾನಿಗಳಿಗೆ ಬುದ್ಧಿವಾದ ಹೇಳುವ ಪುಸ್ತಕ 1979ರಲ್ಲಿ, ತನ್ನನ್ನೇ ಮೂಲಂಗಿ ಅಂತ ಕರೆದುಕೊಂಡ ಆತ್ಮಕಥೆ 1986ರಲ್ಲಿ. ಮಧ್ಯೆ ಮಧ್ಯೆ ಮತ್ತೆ ಸ್ಟ್ರೋಕ್‌ಗಳು.

ಇದಕ್ಕೂ ಮುಂಚೆ, 1963ರಲ್ಲಿ, ವೈಜ್ಞಾನಿಕ ಪ್ರಬಂಧ ಅನ್ನೋದೇ ಒಂದು ಮೋಸವಲ್ಲವೇ ಅಂತ ಕೇಳಿ ಒಂದು ಭಾಷಣ ಮಾಡಿದ್ದರು. ಲೆಕ್ಕ ಸುಳ್ಳು ಅಂತಲ್ಲ, ವಿಜ್ಞಾನಿ ಯೋಚಿಸಿದ ದಾರಿ ಒಂದು, ಬರೆಯೋ ಕ್ರಮ ಇನ್ನೊಂದು ಅನ್ನೋದು ಅವರ ತಕರಾರು. ನಾವು ಲ್ಯಾಬ್ ರೆಕಾರ್ಡಿನಲ್ಲಿ ಏಮ್, ಪ್ರೊಸೀಜರ್, ರಿಸಲ್ಟ್ ಅಂತ ಬರೆಯೋವಾಗ ಅರ್ಧ ದಿನ ಸರ್ಕ್ಯೂಟ್ ಯಾಕೆ ಕೆಲಸ ಮಾಡಲಿಲ್ಲ ಅನ್ನೋದನ್ನು ಎಲ್ಲೂ ಬರೆಯೋದಿಲ್ಲವಲ್ಲ. ಅವರ ಬದುಕನ್ನೇ ನೋಡಿ, ಬಿದ್ದ ವಿಮಾನ, ಫಲಿಸದ ಚರ್ಮದ ಪ್ರಯೋಗ, ಬಾಯಿ ತಪ್ಪಿ ಕೊಟ್ಟ ಮಾತಿಗೆ ಕೊಯ್ದ ಕರುಗಳು. ಯಾವ ಏಮ್ ಬರೆಯೋದು?

1987ರ ಅಕ್ಟೋಬರ್ 2ರಂದು ಲಂಡನ್ನಿನಲ್ಲಿ ತೀರಿಕೊಂಡರು. 72 ವರ್ಷ.

ಆಮೇಲೆ ಐದೇ ವರ್ಷ. 1992ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಸ್ಟ್ಯಾನ್ಲಿ ರಿಡೆಲ್ ಮತ್ತು ಫಿಲಿಪ್ ಗ್ರೀನ್‌ಬರ್ಗ್ ಗುಂಪು ಮೂವರು ಅಸ್ಥಿಮಜ್ಜೆ ಕಸಿ ರೋಗಿಗಳ ಫಲಿತಾಂಶ ಪ್ರಕಟಿಸಿತು. ಮಜ್ಜೆ ಕೊಟ್ಟ ದಾನಿಯ ರಕ್ತ ತೆಗೆದು, ಅದರಲ್ಲಿ ಸಿಎಂವಿಯನ್ನು ಗುರುತಿಸುವ ಟಿ ಕಣಗಳನ್ನು ಮಾತ್ರ ಆರಿಸಿ, ಲ್ಯಾಬಿನಲ್ಲಿ ಕೋಟಿಗಟ್ಟಲೆ ಬೆಳೆಸಿ ರೋಗಿಗೆ ಡ್ರಿಪ್ ಮೂಲಕ ಕೊಟ್ಟರು. ಸುಮ್ಮನೆ ಎಲ್ಲ ಬಿಳಿ ಕಣ ಹಾಕಿದರೆ ಅವು ರೋಗಿಯ ಮೈಯನ್ನೇ ಪರಕೀಯ ಅಂತ ತಿಳಿದು ದಾಳಿ ಮಾಡಬಹುದು, ಅದಕ್ಕೇ ಈ ಆರಿಸುವ ಕಷ್ಟ. 1995ರಲ್ಲಿ 14 ರೋಗಿಗಳಿಗೆ ಹೀಗೆ ಕೊಟ್ಟಾಗ ಒಬ್ಬರಿಗೂ ಸಿಎಂವಿ ಕಾಯಿಲೆ ಬರಲಿಲ್ಲ. ಅದೇ ವರ್ಷ ಮೆಂಫಿಸ್‌ನಲ್ಲಿ ಕ್ಲಿಯೋನಾ ರೂನಿ ಗುಂಪು ಎಪ್ಸ್ಟೀನ್ ಬಾರ್ ವೈರಸ್ಸಿಗೆ ಇದೇ ದಾರಿ ತೋರಿಸಿತು. ಕಂದು ಇಲಿಯಿಂದ ಕಂದು ಇಲಿಗೆ ದಾಟಿದ ಕಣಗಳ ಲೆಕ್ಕವೇ ಇದು. ಆಗ ತೇಪೆ ಉದುರಿಸಿದ್ದು ಈಗ ವೈರಸ್ ಉದುರಿಸಿತು.

ಕಿಡ್ನಿ ರೋಗಿಗೆ ಇದು ಇನ್ನೂ ಕಷ್ಟ. ಮಜ್ಜೆ ಕಸಿಯಲ್ಲಿ ರೋಗಿಯ ರಕ್ತವೇ ದಾನಿಯ ರಕ್ತವಾಗಿಬಿಡುತ್ತೆ, ಆದ್ದರಿಂದ ದಾನಿಯ ಕಣ ಹೊಂದಿಕೊಳ್ಳುತ್ತೆ. ಕಿಡ್ನಿ ಕಸಿಯಲ್ಲಿ ರಕ್ತ ರೋಗಿಯದೇ ಇರುತ್ತೆ. ಅವನ ಕಣಗಳನ್ನೇ ಬೆಳೆಸೋಣ ಅಂದ್ರೆ ಮಾತ್ರೆ ನುಂಗಿ ಅವು ಸೊರಗಿರುತ್ತವೆ, ವಾರಗಟ್ಟಲೆ ಸಮಯ ಬೇರೆ ಬೇಕು. ಇದಕ್ಕೆ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ತಂಜೀಲ್ ಹಕ್ ಮತ್ತು ಡೊರೊತಿ ಕ್ರಾಫರ್ಡ್ ಗುಂಪು ಒಂದು ಬ್ಯಾಂಕ್ ಮಾಡಿತು. ಆರೋಗ್ಯವಂತ ರಕ್ತದಾನಿಗಳ ಟಿ ಕಣಗಳನ್ನು ಎಪ್ಸ್ಟೀನ್ ಬಾರ್ ವೈರಸ್ಸಿಗೆ ಪಳಗಿಸಿ ಫ್ರೀಜ್ ಮಾಡಿ ಇಟ್ಟುಕೊಳ್ಳೋದು, ರೋಗಿ ಬಂದಾಗ ಎಚ್‌ಎಲ್‌ಎ ತಟ್ಟೆ ಆದಷ್ಟು ಹೊಂದುವುದನ್ನು ತೆಗೆದು ಕೊಡೋದು. 2007ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ 33 ರೋಗಿಗಳಿದ್ದರು. ಬೇರೆ ಚಿಕಿತ್ಸೆ ಫಲಿಸದೇ ಬಂದವರು. ಆರು ತಿಂಗಳ ನಂತರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನರಲ್ಲಿ ಗುಣ ಕಂಡಿತ್ತು. ಮೆಡಾವರ್ ಆ ಅಣ್ಣ ತಂಗಿಯ ಚರ್ಮ ನೋಡುತ್ತ ಕೂತ ಗ್ಲಾಸ್ಗೋ ಅಲ್ಲಿಂದ ರೈಲಿನಲ್ಲಿ ಒಂದು ಗಂಟೆ ದಾರಿ.

2022ರ ಡಿಸೆಂಬರಿನಲ್ಲಿ ಯುರೋಪ್ ಇಂಥಾ ಬ್ಯಾಂಕ್ ಕಣಗಳಿಂದ ಮಾಡಿದ ಟ್ಯಾಬೆಲೆಕ್ಲೂಸೆಲ್ ಅನ್ನೋದಕ್ಕೆ, ಎಪ್ಸ್ಟೀನ್ ಬಾರ್ ವೈರಸ್ಸಿನಿಂದ ಕಸಿ ರೋಗಿಗಳಿಗೆ ಬರುವ ಲಿಂಫೋಮಾಗೆ ಅಂತ, ಒಪ್ಪಿಗೆ ಕೊಟ್ಟಿತು. ಎಲ್ಲವೂ ಗೆದ್ದಿಲ್ಲ. ಹಲವು ವೈರಸ್‌ಗಳಿಗೆ ಒಂದೇ ಔಷಧಿ ಅಂತ ತುಂಬಾ ಆಸೆ ಹುಟ್ಟಿಸಿದ್ದ ಪೊಸೊಲ್ಯೂಸೆಲ್ ಅನ್ನೋದರ ದೊಡ್ಡ ಪರೀಕ್ಷೆಗಳು ಫಲ ಕಾಣದೆ 2023ರ ಡಿಸೆಂಬರಿನಲ್ಲಿ ನಿಂತವು. ಅದನ್ನು ಓದಿದ ದಿನ ಗೆಳೆಯ ಏನೂ ಮಾತಾಡಲಿಲ್ಲ.

ದೊಡ್ಡಪ್ಪನಿಗೆ ದತ್ತು ಕಣಗಳ ತನಕ ಹೋಗಬೇಕಾಗಲಿಲ್ಲ. ಡಾಕ್ಟರು ಕಿಡ್ನಿಯ ಒಂದು ಮಾತ್ರೆ ನಿಲ್ಲಿಸಿ, ಇನ್ನೊಂದನ್ನು ಸ್ವಲ್ಪ ಇಳಿಸಿ, ವೈರಸ್ ಮಾತ್ರೆ ಕೊಡುತ್ತಾ ವಾರ ವಾರ ರಕ್ತ ನೋಡಿದರು. ಬಿಳಿ ಕಣಗಳ ಸಂಖ್ಯೆ ಒಮ್ಮೆ ತೀರ ಇಳಿದು ಎಲ್ಲರಿಗೂ ಎದೆ ಹೊಡೆದುಕೊಂಡಿತು, ಆಮೇಲೆ ಏರಿತು. ಏಳನೇ ವಾರದ ರಿಪೋರ್ಟಿನ ಫೋಟೋ ನಮ್ಮ ವಾಟ್ಸಾಪ್ ಗ್ರೂಪಿಗೆ ಬಂತು. ಸಿಎಂವಿ ಎದುರಿಗೆ ಇಲ್ಲ ಅಂತ ಇತ್ತು. ಕ್ರಿಯಾಟಿನಿನ್ 1.4. ಇಂಟರ್ನಲ್ಸ್ ಮಾರ್ಕ್ಸ್ ಬಂದಾಗಲೂ ನಾವು ಅಷ್ಟು ಹೊತ್ತು ಒಂದು ನಂಬರನ್ನು ನೋಡುತ್ತ ಕೂತಿರಲಿಲ್ಲ.